ಸ್ಪೀಕರ್ ಕೂರಿಸುವಾಗ ಕಂಪನವನ್ನು ಹತೋಟಿಗೆ ತರುವ ಕ್ರಮ

ಹೊಸ ಸ್ಪೀಕರ್ ಮನೆಗೆ ಬಂದರೆ ಸಾಮಾನ್ಯವಾಗಿ ಅದು ಹೋಗಿ ಕೂರುವುದು ಟಿವಿ ಯೂನಿಟ್ಟಿನ ಮೇಲೆ, ಇಲ್ಲವೇ ಶೋಕೇಸಿನ ಗೂಡಿನೊಳಗೆ. ತಬಲಾದ ಡಗ್ಗಾ ಅಥವಾ ಬೇಸ್ ಗಿಟಾರ್ ಕೇಳಿಬಂದ ಕೂಡಲೇ ಗಾಜಿನ ಬಾಗಿಲು ಝಣಗುಡುತ್ತದೆ, ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ಮನೆಯವರು ಸ್ಪೀಕರೇ ಸರಿಯಿಲ್ಲ ಎಂದು ತೀರ್ಮಾನಿಸುತ್ತಾರೆ. ಪರಿಹಾರ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮರದ ನೆಲದ ಮೇಲೆ ಕಾರ್ಪೆಟ್ ಹಾಸಿದ ಇಂಗ್ಲೆಂಡ್ ಅಥವಾ ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ಹಾಕಿರುವ ನಮ್ಮ ಫ್ಲ್ಯಾಟುಗಳಲ್ಲಿ ಅವನ್ನು ಹಾಗೆಯೇ ಪಾಲಿಸಿದರೆ ಹಣ ಖರ್ಚಾದೀತೇ ಹೊರತು ಝಣಝಣ ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿ ಹೇಳಿರುವ ಕ್ರಮ ಮುಖ್ಯವಾಗಿ ಗಟ್ಟಿ ನೆಲದ ಮನೆಗಳಿಗೆ ಹೊಂದುವಂಥದು. ಮರದ ನೆಲದ ಮಾತು ಬರುವಲ್ಲಿ ಅದನ್ನು ಬೇರೆಯಾಗಿ ಹೇಳಿದ್ದೇನೆ.

ಕಂಪನ ಸಾಗುವ ದಾರಿಗಳು

ಸದ್ದು ಹುಟ್ಟಿಸಲು ಹಿಂದೆಮುಂದೆ ಚಲಿಸುವ ಕೋನ್ ಮುಂದಕ್ಕೆ ಹೋದಾಗ ಸ್ಪೀಕರಿನ ಪೆಟ್ಟಿಗೆ ಹಿಂದಕ್ಕೆ ತಳ್ಳಲ್ಪಡುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಇದನ್ನು ಯಾವ ಪ್ಯಾಡೂ ತಪ್ಪಿಸಲಾರದು. ಆದರೆ ಈ ಅಲುಗಾಟ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕೋನ್ ಮತ್ತು ಅದರೊಂದಿಗೆ ಚಲಿಸುವ ಭಾಗಗಳ ತೂಕ 15 ಗ್ರಾಂ, ಪೆಟ್ಟಿಗೆಯ ತೂಕ 8 ಕಿಲೊ ಎಂದಿಟ್ಟುಕೊಳ್ಳೋಣ. ಕೋನ್ 2 ಮಿಲಿಮೀಟರ್ ಚಲಿಸಿದಾಗ, ಯಾವ ಹಿಡಿತವೂ ಇಲ್ಲದ ಪೆಟ್ಟಿಗೆ ಹಿಂದೆ ಸರಿಯುವುದು ಹೆಚ್ಚುಕಡಿಮೆ 4 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ನಾಲ್ಕು. ಈ ಪ್ರಮಾಣದ ಸರಿದಾಟದಿಂದ ಸಂಗೀತ ಮಸುಕಾಗುತ್ತದೆ ಎಂದು ಹೇಳಿ ದುಬಾರಿ ಪಾದಗಳನ್ನು ಮಾರುವವರ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳುವುದು ಒಳ್ಳೆಯದು. ಅಲುಗಾಟ ನಿಜಕ್ಕೂ ತೊಂದರೆ ಕೊಡುವುದು ಪೆಟ್ಟಿಗೆ ಅಸ್ಥಿರವಾಗಿ ಕುಳಿತು ಹಿಂದೆಮುಂದೆ ತೊನೆಯುವಾಗ, ಇಲ್ಲವೇ ಆ ಕಂಪನ ತೆಳುವಾದ ದೊಡ್ಡ ಹಲಗೆಯೊಂದಕ್ಕೆ ದಾಟಿ ಆ ಹಲಗೆಯೇ ಇನ್ನೊಂದು ಸ್ಪೀಕರಿನಂತೆ ಸದ್ದು ಹೊರಡಿಸಲು ತೊಡಗಿದಾಗ.

ಕಂಪನ ಪೆಟ್ಟಿಗೆಯ ಪಾದಗಳ ಮೂಲಕ ಸ್ಟ್ಯಾಂಡಿಗೆ, ಮೇಜಿಗೆ, ನೆಲಕ್ಕೆ ಇಳಿಯುವುದು ಒಂದು ದಾರಿ. ಗಾಳಿಯಲ್ಲಿ ಹೋಗಿ ಕಿಟಕಿಗೂ ಬೀರುವಿಗೂ ಬಡಿಯುವುದು ಇನ್ನೊಂದು ದಾರಿ. ಪೆಟ್ಟಿಗೆಯ ಗೋಡೆಗಳೇ ಕಂಪಿಸುವುದು ಮೂರನೆಯದು. ಪ್ಯಾಡು, ಸ್ಪ್ರಿಂಗು, ಸ್ಪೈಕು ಎಂಬ ಚೂಪು ಲೋಹದ ಪಾದಗಳು ಮೊದಲನೆಯ ದಾರಿಯನ್ನು ಮಾತ್ರ ಮುಟ್ಟುತ್ತವೆ. ಮೂರನೆಯದಕ್ಕೆ ನಾವು ಕೈ ಹಾಕಬಾರದು, ಏಕೆಂದರೆ ಅದು ತಯಾರಕರ ವಿನ್ಯಾಸಕ್ಕೆ ಸೇರಿದ್ದು. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್ 3/5ಎ ಸ್ಪೀಕರಿನಲ್ಲಿ ಬರ್ಚ್ ಪ್ಲೈವುಡ್ಡಿನ ತೆಳು ಗೋಡೆಗಳಿಗೆ ಒಳಗಿನಿಂದ ಬಿಟುಮೆನ್ ಹಾಳೆ ಅಂಟಿಸಿ ಕಂಪನವನ್ನು ತಣಿಸುವ ವ್ಯವಸ್ಥೆ ಇದೆ. ಅಂಥ ಪೆಟ್ಟಿಗೆಯ ಮೇಲೆ ಭಾರ ಹೆಚ್ಚಿದಷ್ಟೂ ಒಳ್ಳೆಯದೆಂದು ಗ್ರಾನೈಟ್ ತುಂಡು ಹೇರಿದರೆ, ಲೆಕ್ಕ ಹಾಕಿ ಮಾಡಿದ ಕೆಲಸವನ್ನು ನಾವು ಕೆಡಿಸಿದಂತಾಗುತ್ತದೆ.

ಮೊದಲ ಹೆಜ್ಜೆ: ಝಣಗುಡುವುದು ಯಾವುದೆಂದು ಹುಡುಕುವುದು

ಯಾವುದನ್ನೂ ಕೊಳ್ಳುವ ಮುನ್ನ ಮಾಡಬೇಕಾದ ಕೆಲಸ ಇದು. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಒಂದನ್ನು ಹಾಕಿಕೊಂಡು ಆಂಪ್ಲಿಫೈಯರಿಗೆ ಜೋಡಿಸಿ, ವಾಲ್ಯೂಮನ್ನು ಮಾತನಾಡುವ ಮಟ್ಟಕ್ಕಿಂತ ಸ್ವಲ್ಪವೇ ಮೇಲಿಟ್ಟು, 200 ಹರ್ಟ್ಸ್‌ನಿಂದ (ಸೆಕೆಂಡಿಗೆ ಎಷ್ಟು ಕಂಪನ ಎಂಬುದರ ಅಳತೆ) ನಿಧಾನವಾಗಿ ಕೆಳಗೆ ಇಳಿಸುತ್ತಾ ಬನ್ನಿ. ಚಿಕ್ಕ ಬುಕ್‌ಶೆಲ್ಫ್ ಸ್ಪೀಕರುಗಳಾದರೆ 50 ಹರ್ಟ್ಸ್‌ಗೆ ನಿಲ್ಲಿಸಬೇಕು. ಅದಕ್ಕಿಂತ ಕೆಳಗೆ ಸದ್ದು ಹೆಚ್ಚಾಗಿ ಬರದಿದ್ದರೂ ಕೋನ್ ಅತಿಯಾಗಿ ಚಲಿಸಿ ಹಾಳಾಗುವ ಸಾಧ್ಯತೆಯಿದೆ. ಒಬ್ಬರು ಆವೃತ್ತಿಯನ್ನು ಬದಲಿಸುತ್ತಿರುವಾಗ ಇನ್ನೊಬ್ಬರು ಕೋಣೆಯಲ್ಲಿ ಓಡಾಡುತ್ತಾ, ಸದ್ದು ಬಂದ ಕಡೆ ಅಂಗೈ ಒತ್ತಿ ನೋಡಬೇಕು. ಕೈ ಇಟ್ಟ ಕೂಡಲೇ ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ.

ನಮ್ಮ ಮನೆಗಳಲ್ಲಿ ಸಿಗುವವು ಬಹುತೇಕ ಗೊತ್ತಿರುವವೇ: ಬೀರುವಿನ ಬಾಗಿಲು ಮತ್ತು ಅದರ ಮೇಲಿಟ್ಟ ಸೂಟ್‌ಕೇಸಿನ ಹಿಡಿ, ಸ್ಲೈಡಿಂಗ್ ಕಿಟಕಿಯ ಗಾಜು, ಮೊಳೆಗೆ ತೂಗಿದ ಫೋಟೊ ಫ್ರೇಮು, ಫ್ಯಾನಿನ ಕಡ್ಡಿಯ ಮೇಲಿನ ಪ್ಲಾಸ್ಟಿಕ್ ಬಟ್ಟಲು, ಫಾಲ್ಸ್ ಸೀಲಿಂಗಿನ ದೀಪಗಳು. ದೇವರ ಮನೆಯ ಬಾಗಿಲಿಗೆ ಸಾಲಾಗಿ ತೂಗಿಬಿಟ್ಟ ಪುಟ್ಟ ಹಿತ್ತಾಳೆ ಗಂಟೆಗಳನ್ನು ಮರೆಯಬಾರದು. ಬಾಗಿಲು ಸರಿಯಾಗಿ ಕೂರದಿದ್ದರೆ ಯಾವುದೋ ಒಂದು ಸ್ವರಕ್ಕೆ ಬಾಗಿಲು ಅದುರಿ ಅವು ಸಣ್ಣಗೆ ಮಿಡಿಯುತ್ತವೆ, ಕೇಳುವವರು ಅದನ್ನು ಟ್ವೀಟರಿನ (ಎತ್ತರದ ಸ್ವರಗಳನ್ನು ನುಡಿಸುವ ಪುಟ್ಟ ಘಟಕ) ದೋಷವೆಂದು ಭಾವಿಸುತ್ತಾರೆ. ಶೋಕೇಸಿನ ಗಾಜು ಅದುರುವುದು ಸಾಮಾನ್ಯವಾಗಿ ಅದು ಓಡುವ ಕಾಲುವೆಯಲ್ಲಿ ಗಾಜಿಗೂ ಅಂಚಿಗೂ ನಡುವೆ ಸಂದು ಇರುವುದರಿಂದ. ಮಡಿಸಿದ ರಟ್ಟಿನ ಚೂರೊಂದನ್ನು ಆ ಸಂದಿನಲ್ಲಿ ಬೇರೆ ಬೇರೆ ಕಡೆ ತುರುಕಿ ನೋಡಿದರೆ ಎಲ್ಲಿ ಬಡಿಯುತ್ತಿದೆ ಎಂಬುದು ನಿಖರವಾಗಿ ತಿಳಿಯುತ್ತದೆ; ಆಮೇಲೆ ಆ ಜಾಗಕ್ಕೆ ಪಾರದರ್ಶಕ ಸಿಲಿಕೋನಿನ ಗುಂಡಿಯನ್ನೋ ಫೆಲ್ಟ್ ಪಟ್ಟಿಯನ್ನೋ ಅಂಟಿಸಬೇಕು. ಕಿಟಕಿಯದಾದರೆ ಅಲ್ಯೂಮಿನಿಯಂ ಚೌಕಟ್ಟಿನ ರಬ್ಬರ್ ಬೀಡಿಂಗ್ ಒಣಗಿ ಕುಗ್ಗಿರುತ್ತದೆ, ಅದನ್ನು ಬದಲಿಸಿದರೆ ಸಾಕು.

ಸ್ಪೀಕರಿನಲ್ಲೇ ಸದ್ದು ಬರುತ್ತಿದ್ದರೆ ಮುಂಭಾಗದ ಜಾಲರಿಯನ್ನು ತೆಗೆದು ಇನ್ನೊಮ್ಮೆ ಕೇಳಬೇಕು, ನಂತರ ಡ್ರೈವರಿನ (ಕೋನ್ ಇರುವ ಘಟಕ) ಸುತ್ತಲಿನ ಸ್ಕ್ರೂಗಳನ್ನು ಕೈಯ ಸ್ಕ್ರೂಡ್ರೈವರಿನಿಂದ ಎದುರುಬದುರು ಕ್ರಮದಲ್ಲಿ ನಿಧಾನವಾಗಿ ಬಿಗಿ ಮಾಡಬೇಕು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ಸ್ಕ್ರೂ ಹಿಡಿಯುವ ಮರೆಗಳು ಬೇಗ ಸವೆಯುವುದರಿಂದ ವಿದ್ಯುತ್ ಸ್ಕ್ರೂಡ್ರೈವರ್ ಮಾತ್ರ ಬೇಡ.

ಕಂಪನದ ದೂರುಗಳಲ್ಲಿ ದೊಡ್ಡ ಪಾಲು ಈ ಹಂತದಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನಿಸಿಕೆ.

ಎರಡನೆಯದು: ಗೂಡಿನಿಂದ ಹೊರಗೆ ತರುವುದು

ಪ್ಲೈವುಡ್ಡಿನ ಗೂಡಿನೊಳಗೆ ಸ್ಪೀಕರ್ ಇಟ್ಟರೆ ಗೂಡಿನ ಹಲಗೆಗಳು ಕಂಪಿಸುವುದಷ್ಟೇ ಅಲ್ಲ, ಒಳಗಿನ ಗಾಳಿಯೂ ಕೆಲವು ಸ್ವರಗಳನ್ನು ಉಬ್ಬಿಸುತ್ತದೆ. ಸಾಧ್ಯವಾದರೆ ಸ್ಟ್ಯಾಂಡಿನ ಮೇಲೆ, ಹಿಂದಿನ ಗೋಡೆಯಿಂದ ಒಂದಡಿಯಾದರೂ ಮುಂದೆ ಇಡಬೇಕು. ಜಾಗವಿಲ್ಲದೆ ಗೂಡಿನಲ್ಲೇ ಇಡಬೇಕಾದರೆ ಪೆಟ್ಟಿಗೆಯ ಮುಖ ಗೂಡಿನ ಅಂಚಿಗೆ ಸಮವಾಗಿರಲಿ, ಕೆಳಗೆ ಮುಂದೆ ಹೇಳುವ ರೀತಿಯ ಮೆತ್ತನೆಯ ಪ್ಯಾಡ್ ಇರಲಿ.

ಒಂದು ವ್ಯತ್ಯಾಸವನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಏನೂ ಝಣಗುಡದೆ ಬರೀ ಬೇಸ್ ಗುಂಯ್‌ಗುಡುತ್ತಿದ್ದು, ನೀವು ಕುರ್ಚಿಯನ್ನು ನಾಲ್ಕು ಅಡಿ ಸರಿಸಿದ ಕೂಡಲೇ ಅದು ಕಡಿಮೆಯಾದರೆ ಅದು ಕೋಣೆಯ ಅಳತೆಯಿಂದ ಹುಟ್ಟಿದ ಅನುರಣನೆ. ಅದಕ್ಕೆ ಸ್ಪೀಕರನ್ನು ಮೂಲೆಯಿಂದ ಸರಿಸುವುದೇ ಮದ್ದು. ಎಷ್ಟು ಬೆಲೆಯ ಪ್ಯಾಡ್ ತಂದರೂ ಉಪಯೋಗವಿಲ್ಲ.

ಮೂರನೆಯದು: ನೆಲವನ್ನು ಅರಿಯುವುದು

ಬರಿಗಾಲಿನ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಗುದ್ದಿ, ಪಕ್ಕದ ಮೇಜಿನ ಮೇಲಿಟ್ಟ ಸ್ಟೀಲ್ ಲೋಟದ ನೀರನ್ನು ಗಮನಿಸಿ. ಗ್ರಾನೈಟ್, ಟೈಲ್ಸ್, ಮೊಸಾಯಿಕ್, ರೆಡ್ ಆಕ್ಸೈಡ್ ಗಾರೆ, ಉತ್ತರ ಕರ್ನಾಟಕದ ಶಹಾಬಾದ್ ಕಲ್ಲು – ಇವುಗಳಲ್ಲಿ ಯಾವುದಾದರೂ ಕಾಂಕ್ರೀಟಿನ ಮೇಲೋ ನೇರ ಮಣ್ಣಿನ ಮೇಲೋ ಕೂತಿದ್ದರೆ ನೀರು ಹೆಚ್ಚು ಮಿಸುಕುವುದಿಲ್ಲ. ಇಂಥ ನೆಲ ಸ್ಪೀಕರಿನ ಬಲಕ್ಕೆ ಬಗ್ಗುವುದಿಲ್ಲ. ಅದರ ದೋಷವೆಂದರೆ ಪೆಟ್ಟನ್ನು ಕೆಳಗಿನ ಮನೆಗೆ ಚೆನ್ನಾಗಿ ದಾಟಿಸುವುದು. ಮಲೆನಾಡಿನ ಹಳೆಯ ಮನೆಗಳ ಮರದ ಮಹಡಿ, ಅಮೆರಿಕದಲ್ಲಿರುವ ಕನ್ನಡಿಗರು ವಾಸಿಸುವ ಮರದ ಚೌಕಟ್ಟಿನ ಮನೆಗಳು ಇದಕ್ಕೆ ವಿರುದ್ಧ. ಅಲ್ಲಿ ತೊಲೆಗಳ ನಡುಭಾಗ ಸ್ಪ್ರಿಂಗಿನಂತೆ ಆಡುವುದರಿಂದ ಭಾರದ ಸಾಧನಗಳನ್ನು ತೊಲೆಗಳು ಗೋಡೆಗೆ ಸೇರುವ ಅಂಚಿನ ಹತ್ತಿರ ಇಡಬೇಕು.

ನಾಲ್ಕನೆಯದು: ಸ್ಟ್ಯಾಂಡ್ ಸಿದ್ಧಪಡಿಸುವುದು

ಕುಳಿತಾಗ ಕಿವಿ ಇರುವ ಎತ್ತರಕ್ಕೆ ಟ್ವೀಟರ್ ಬರುವಂತೆ ಸ್ಟ್ಯಾಂಡ್ ಆರಿಸಿಕೊಳ್ಳಬೇಕು. ಸೋಫಾದ ಮೇಲೆ ಕೂತವರಿಗೆ ಅದು ನೆಲದಿಂದ 90ರಿಂದ 105 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ಕಬ್ಬಿಣದ ಟೊಳ್ಳು ಕೊಳವೆಯ ಸ್ಟ್ಯಾಂಡನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನುತ್ತದೆ. ಅದನ್ನು ತಣಿಸಲು ಮರಳು ತುಂಬುವುದು ಹಳೆಯ ಮತ್ತು ಅಗ್ಗದ ಉಪಾಯ. ಮನೆ ಕಟ್ಟುವ ಕಡೆ ಸಿಗುವ ಎಂ-ಸ್ಯಾಂಡ್ ಸಾಕು, ಆದರೆ ಅದನ್ನು ಜರಡಿ ಹಿಡಿದು, ತಾರಸಿಯ ಮೇಲೆ ತೆಳುವಾಗಿ ಹರವಿ ಎರಡು ಮೂರು ದಿನದ ಬಿಸಿಲಿಗೆ ಪೂರ್ತಿ ಒಣಗಿಸಬೇಕು. ಹಸಿ ಮರಳು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಕೊಳವೆಗೆ ನೇರವಾಗಿ ಸುರಿಯುವ ಬದಲು ಉದ್ದನೆಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಇಳಿಸಿದರೆ ಮನೆ ಬದಲಿಸುವಾಗ ತೆಗೆಯುವುದು ಸುಲಭ. ಮೂರರಲ್ಲಿ ಎರಡು ಭಾಗ ತುಂಬಿದರೆ ಠಣತ್ಕಾರ ಡಬ್ ಎಂಬ ಸದ್ದಾಗುತ್ತದೆ, ಗುರುತ್ವ ಕೇಂದ್ರವೂ ಕೆಳಗಿಳಿದು ಸ್ಟ್ಯಾಂಡ್ ಸುಲಭವಾಗಿ ಉರುಳುವುದಿಲ್ಲ.

ಆಮೇಲೆ ರಸಮಟ್ಟ ಇಟ್ಟು ಎರಡು ದಿಕ್ಕಿನಲ್ಲೂ ಸಮ ಮಾಡಬೇಕು. ನಾಲ್ಕು ಪಾದಗಳಲ್ಲಿ ಒಂದು ಎದ್ದಿದ್ದರೆ ಉಳಿದ ಎಲ್ಲ ಪ್ರಯತ್ನವೂ ವ್ಯರ್ಥ. ಕರ್ಣಾಕಾರವಾಗಿ ಎದುರಿರುವ ಎರಡು ಮೂಲೆಗಳನ್ನು ಒಂದಾದ ಮೇಲೊಂದು ಒತ್ತಿ, ಕುಂಟು ಇದೆಯೇ ಎಂದು ಪರೀಕ್ಷಿಸಿ. ಸ್ಪೀಕರಿಗೂ ಸ್ಟ್ಯಾಂಡಿನ ಮೇಲ್ತಟ್ಟೆಗೂ ನಡುವೆ ನಾಲ್ಕು ಮೂಲೆಗಳಲ್ಲಿ ಬಟಾಣಿ ಕಾಳಿನ ಗಾತ್ರದ ಬ್ಲೂ-ಟ್ಯಾಕ್ ಎಂಬ ಮೆತ್ತನೆಯ ಅಂಟಿನ ಉಂಡೆಗಳನ್ನಿಟ್ಟು ಮೇಲಿನಿಂದ ಒತ್ತಿದರೆ ಪೆಟ್ಟಿಗೆ ಜಾರುವುದಿಲ್ಲ, ಮಕ್ಕಳ ಕೈ ತಗುಲಿದರೂ ಥಟ್ಟನೆ ಬೀಳುವುದಿಲ್ಲ. ತೆಗೆಯುವಾಗ ಎಳೆಯಬಾರದು, ತಿರುಚಿ ಬಿಡಿಸಬೇಕು; ಇಲ್ಲದಿದ್ದರೆ ವೆನೀರ್ ಎಂಬ ಮರದ ತೆಳು ಹೊದಿಕೆ ಕಿತ್ತುಬರುತ್ತದೆ.

ಐದನೆಯದು: ಪ್ಯಾಡ್ ಬೇಕೇ, ಬೇಕಾದರೆ ಎಂಥದು

ಗಟ್ಟಿ ನೆಲ, ಗಟ್ಟಿ ಸ್ಟ್ಯಾಂಡ್ ಇದ್ದವರಿಗೆ ಸಾಮಾನ್ಯವಾಗಿ ಇಷ್ಟೇ ಸಾಕು. ಮೇಜು, ಟಿವಿ ಯೂನಿಟ್ಟು, ಕಪಾಟಿನ ಹಲಗೆಯಂಥ ತೆಳುವಾದ ತಳದ ಮೇಲೆ ಸ್ಪೀಕರ್ ಇಡುವವರಿಗೆ ಮತ್ತು ಕೆಳಗೆ ಇನ್ನೊಂದು ಮನೆಯಿರುವವರಿಗೆ ಪ್ಯಾಡ್ ನಿಜವಾಗಿ ನೆರವಾಗುತ್ತದೆ.

ಮೆತ್ತನೆಯ ವಸ್ತುವಿನ ಮೇಲೆ ಭಾರ ಕುಳಿತರೆ ಅದೊಂದು ಉಯ್ಯಾಲೆ ಇದ್ದಂತೆ: ಅದಕ್ಕೆ ತನ್ನದೇ ಆದ ಲಯವಿದೆ, ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಜೀಕು ಹೆಚ್ಚುತ್ತದೆ, ಅದಕ್ಕಿಂತ ಬಹಳ ಬೇಗಬೇಗ ತಳ್ಳಿದರೆ ಅದು ಕದಲುವುದೇ ಇಲ್ಲ. ಈ ಸ್ವಾಭಾವಿಕ ಆವೃತ್ತಿಯನ್ನು ಸ್ಕೇಲಿನಿಂದಲೇ ಅಂದಾಜು ಮಾಡಬಹುದು. ಭಾರ ಬಿದ್ದಾಗ ಪ್ಯಾಡ್ ಎಷ್ಟು ಮಿಲಿಮೀಟರ್ ಕುಗ್ಗಿತು ಎಂದು ಅಳೆದು, ಆ ಸಂಖ್ಯೆಯ ವರ್ಗಮೂಲದಿಂದ 16ನ್ನು ಭಾಗಿಸಿದರೆ ಉತ್ತರ ಹರ್ಟ್ಸ್‌ನಲ್ಲಿ ಬರುತ್ತದೆ. 1 ಮಿಲಿಮೀಟರ್ ಕುಗ್ಗಿದರೆ 16 ಹರ್ಟ್ಸ್, 4 ಮಿಲಿಮೀಟರ್ ಕುಗ್ಗಿದರೆ 8, ಕೇವಲ ಕಾಲು ಮಿಲಿಮೀಟರ್ ಆದರೆ 32. ರಬ್ಬರಿನ ವಿಷಯದಲ್ಲಿ ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಮೇಲಿರುತ್ತದೆ, ಏಕೆಂದರೆ ವೇಗವಾದ ಕಂಪನಕ್ಕೆ ಅದು ಇನ್ನಷ್ಟು ಬಿಗಿಯಾಗಿ ವರ್ತಿಸುತ್ತದೆ. ತಡೆ ಶುರುವಾಗುವುದು ಈ ಆವೃತ್ತಿಯ 1.4 ಪಟ್ಟಿನ ಮೇಲೆ. 3 ಪಟ್ಟು ಮೇಲೆ ಹೋದಾಗ, ವಸ್ತು ಒಳ್ಳೆಯ ಸ್ಪ್ರಿಂಗಿನಂತೆ ನಡೆದುಕೊಂಡರೆ, ದಾಟುವ ಬಲ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸ್ವಾಭಾವಿಕ ಆವೃತ್ತಿಯ ಹತ್ತಿರದಲ್ಲಿ ಮಾತ್ರ ಕಂಪನ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಹಾಗಾಗಿ 5 ಕಿಲೊ ತೂಕದ ಸ್ಪೀಕರಿನ ಕೆಳಗೆ ವಾಷಿಂಗ್ ಮೆಷೀನಿನ ಗಟ್ಟಿ ರಬ್ಬರ್ ಪಾದಗಳನ್ನಿಟ್ಟರೆ ಅವು ಕಣ್ಣಿಗೆ ಕಾಣುವಷ್ಟೂ ಕುಗ್ಗುವುದಿಲ್ಲ. ಅಂದರೆ ಅವುಗಳ ಆವೃತ್ತಿ ಬೇಸ್ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ತೂಕಕ್ಕೆ ತಕ್ಕ ಮೃದುತ್ವ ಇರಬೇಕು. ಸೋರ್ಬೊಥೇನ್ ಎಂಬ ಕಂಪನ ಹೀರುವ ಮೃದು ವಸ್ತುವಿನ ಗುಂಡಿಗಳನ್ನು ಕೊಳ್ಳುವುದಾದರೆ ಪ್ರತಿಯೊಂದಕ್ಕೂ ಇಷ್ಟರಿಂದ ಇಷ್ಟು ಕಿಲೊ ಎಂದು ತಯಾರಕರು ಕೊಡುವ ಮಿತಿಯನ್ನು ನೋಡಿ, ಸ್ಪೀಕರಿನ ತೂಕವನ್ನು ನಾಲ್ಕರಿಂದ ಭಾಗಿಸಿ ಆರಿಸಬೇಕು. ಕೈಯಲ್ಲಿರುವುದನ್ನೇ ಬಳಸಿ ನೋಡಲು ಹಳೆಯ ಯೋಗ ಮ್ಯಾಟಿನ ಚಿಕ್ಕ ಚೌಕಗಳನ್ನು ಕತ್ತರಿಸಿ ಎರಡು ಮೂರು ಪದರ ಪೇರಿಸಬಹುದು. ಇಡೀ ಹಾಳೆ ಹಾಸುವುದಕ್ಕಿಂತ ನಾಲ್ಕು ಮೂಲೆಗೆ ಸಣ್ಣ ಚೌಕ ಇಟ್ಟಾಗ ಅದು ಹೆಚ್ಚು ಕುಗ್ಗುತ್ತದೆ, ತಡೆಯೂ ಹೆಚ್ಚು. ಮೃದು ರಬ್ಬರಿನಿಂದ ಒಸರುವ ಎಣ್ಣೆಯಂಥ ಅಂಶ ಪಾಲಿಶ್ ಮಾಡಿದ ಮರದ ಮೇಲೆ ಕಲೆ ಬಿಡಬಲ್ಲದು, ಆದ್ದರಿಂದ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇರಲಿ. ಎತ್ತರದ ಟವರ್ ಸ್ಪೀಕರುಗಳ ಕೆಳಗೆ ತೀರಾ ಮೆತ್ತನೆಯದನ್ನು ಹಾಕಿದರೆ ಅವು ತೊನೆಯುತ್ತವೆ. ಮಕ್ಕಳಿರುವ ಮನೆಯಲ್ಲಿ ಇದು ಅಪಾಯ.

ಫಲಿತಾಂಶವನ್ನು ಕಣ್ಣಾರೆ ನೋಡಬೇಕೆನ್ನುವವರು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯ ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಬಳಸಬಹುದು. ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರಿನಲ್ಲಿ 60 ಹರ್ಟ್ಸ್ ಸ್ವರ ನುಡಿಸಿ, ಪ್ಯಾಡ್ ಇದ್ದಾಗಲೂ ಇಲ್ಲದಿದ್ದಾಗಲೂ ವೇಗೋತ್ಕರ್ಷದ ಗ್ರಾಫನ್ನು ಹೋಲಿಸಬೇಕು. ಫೋನಿನ ಸೆನ್ಸರ್ ಹೆಚ್ಚಿನ ಆವೃತ್ತಿಗಳನ್ನು ಹಿಡಿಯುವುದಿಲ್ಲವಾದರೂ ಬೇಸ್ ಮಟ್ಟಿಗೆ ಅನೇಕ ಫೋನುಗಳಲ್ಲಿ ಇದು ಒರಟು ಹೋಲಿಕೆಗೆ ಸಾಕಾಗುತ್ತದೆ.

ಸ್ಪೈಕುಗಳ ವಿಷಯ ಚಿಕ್ಕದು. ಅವು ಹುಟ್ಟಿದ್ದು ಕಾರ್ಪೆಟ್ಟನ್ನು ಚುಚ್ಚಿ ಕೆಳಗಿನ ಗಟ್ಟಿ ನೆಲವನ್ನು ತಲುಪಿ ಸ್ಪೀಕರ್ ತೊನೆಯದಂತೆ ಹಿಡಿಯಲು. ಅವು ಕಂಪನವನ್ನು ತಡೆಯುವುದಿಲ್ಲ, ನೆಲಕ್ಕೆ ದಾಟಿಸುತ್ತವೆ. ಟೈಲ್ಸ್ ಮೇಲೆ ಅವು ಜಾರುತ್ತವೆ, ಗೀರು ಬೀಳಿಸುತ್ತವೆ. ಸ್ಪೀಕರಿನ ಜೊತೆ ಬಂದಿವೆ ಎಂಬ ಕಾರಣಕ್ಕೆ ಹಾಕಲೇಬೇಕೆಂದಿಲ್ಲ. ಹಾಕುವುದಾದರೆ ಕೆಳಗೆ ಲೋಹದ ಬಿಲ್ಲೆಯಿಟ್ಟು, ಬಿಲ್ಲೆಯ ಅಡಿಗೆ ಫೆಲ್ಟ್ ಅಂಟಿಸಬೇಕು.

ಆರನೆಯದು: ಸಬ್‌ವೂಫರ್ ಮತ್ತು ಕೆಳಗಿನ ಮನೆಯವರು

ಸಬ್‌ವೂಫರ್ (ಆಳವಾದ ಬೇಸ್ ಮಾತ್ರ ನುಡಿಸುವ ಸ್ಪೀಕರ್) ಭಾರವಾಗಿರುವುದರಿಂದ ಸರಿಯಾದ ಪ್ಯಾಡ್ ಆರಿಸುವುದು ಸುಲಭ, ಪರಿಣಾಮವೂ ಸ್ಪಷ್ಟ. ನೆಲದ ಮೂಲಕ ಇಳಿಯುವ ಪೆಟ್ಟು ಇದರಿಂದ ಚೆನ್ನಾಗಿ ತಗ್ಗುತ್ತದೆ. ಆದರೆ ಗಾಳಿಯಲ್ಲಿ ಸಾಗುವ ಬೇಸ್ ಹಾಗೆಯೇ ಉಳಿಯುತ್ತದೆ. 40 ಹರ್ಟ್ಸ್ ಸ್ವರದ ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ಅದನ್ನು ಪರದೆ, ಸ್ಪಂಜುಗಳು ತಡೆಯಲಾರವು. ಪ್ಯಾಡ್ ಹಾಕಿದ ಮೇಲೂ ಕೆಳಗಿನವರು ದೂರಿದರೆ ಮಟ್ಟವನ್ನು ಇಳಿಸುವುದು, ಮೂಲೆಯಿಂದ ಹೊರಗೆ ತರುವುದು ಇವೆರಡೇ ದಾರಿ. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರ ನಂತರ 45. ಈ ಅಳತೆ ಕಿವಿಯ ಸಂವೇದನೆಗೆ ಹೊಂದಿಸಿದ್ದಾದ್ದರಿಂದ ಆಳವಾದ ಬೇಸನ್ನು ಕಡಿಮೆ ಎಣಿಸುತ್ತದೆ. ಮೀಟರಿನಲ್ಲಿ ಮಿತಿಯೊಳಗೆ ಕಂಡದ್ದು ಕೆಳಗಿನ ಮನೆಯ ಮಂಚಕ್ಕೆ ತಾಗುತ್ತಿರಬಹುದು. ಒಮ್ಮೆ ನಿಮ್ಮದೇ ಹಾಡು ಹಾಕಿಬಿಟ್ಟು ಅವರ ಮನೆಗೆ ಹೋಗಿ ಕೇಳಿಬರುವುದು ಎಲ್ಲ ಲೆಕ್ಕಕ್ಕಿಂತ ಮೇಲು. ಕೆಳಮುಖವಾಗಿ ಸದ್ದು ಬಿಡುವ ಸಬ್ ಆದರೆ ಪ್ಯಾಡ್ ಹಾಕಿದ ನಂತರವೂ ತಯಾರಕರು ಇಟ್ಟಷ್ಟೇ ಎತ್ತರದ ಸಂದು ಉಳಿಯುವಂತೆ ನೋಡಿಕೊಳ್ಳಬೇಕು. ಹೊಸದಾಗಿ ಕೊಳ್ಳುವವರು ಎರಡು ಡ್ರೈವರುಗಳು ಬೆನ್ನಿಗೆ ಬೆನ್ನು ಕೊಟ್ಟು ಒಮ್ಮೆಗೇ ಹೊರಕ್ಕೆ ಚಲಿಸುವ ಮಾದರಿಗಳನ್ನು ಪರಿಶೀಲಿಸಬಹುದು. ಅವುಗಳಲ್ಲಿ ಎರಡೂ ಬಲಗಳು ಪರಸ್ಪರ ಕಳೆದುಹೋಗುವುದರಿಂದ ಪೆಟ್ಟಿಗೆ ಕದಲುವುದೇ ಇಲ್ಲವೆನ್ನಬಹುದು.

ಏಳನೆಯದು: ಟರ್ನ್‌ಟೇಬಲ್

ಕಂಪನಕ್ಕೆ ನಿಜವಾಗಿ ಹೆದರಬೇಕಾದ ಸಾಧನ ರೆಕಾರ್ಡ್ ನುಡಿಸುವ ಈ ಯಂತ್ರವೊಂದೇ. ಎಲ್‌ಪಿ ರೆಕಾರ್ಡಿನ ಗೀರಿನ ಅಗಲ ಸುಮಾರು 50 ಮೈಕ್ರಾನ್, ಅದರೊಳಗಿನ ಮೆಲುದನಿಯ ಅಲೆಗಳು ಒಂದು ಮೈಕ್ರಾನಿಗಿಂತ ಚಿಕ್ಕವು. ಸ್ಪೀಕರಿನ ಮಟ್ಟಿಗೆ ಲೆಕ್ಕಕ್ಕಿಲ್ಲದ 4 ಮೈಕ್ರಾನ್ ಸೂಜಿಯ ಮಟ್ಟಿಗೆ ದೊಡ್ಡ ಸಂಗತಿ. ಅದಲ್ಲದೆ ಸೂಜಿಯಿಂದ ಬರುವ ಕ್ಷೀಣ ಸಂಕೇತವನ್ನು ಹೆಚ್ಚಿಸುವ ಫೋನೊ ಆಂಪ್ಲಿಫೈಯರ್ 20 ಹರ್ಟ್ಸ್ ಸ್ವರವನ್ನು 1000 ಹರ್ಟ್ಸ್‌ಗಿಂತ ಸುಮಾರು 19 ಡೆಸಿಬೆಲ್ ಹೆಚ್ಚಾಗಿ ವರ್ಧಿಸುತ್ತದೆ. ಹೀಗೆ ಸ್ಪೀಕರಿನ ಕಂಪನ ಸೂಜಿಗೆ, ಸೂಜಿಯಿಂದ ಮತ್ತೆ ಸ್ಪೀಕರಿಗೆ ಸುತ್ತತೊಡಗಿದರೆ ಬೇಸ್ ಊದಿಕೊಂಡು ಕೊನೆಗೆ ಗೂಳಿಡುತ್ತದೆ.

ಪರೀಕ್ಷಿಸುವ ಕ್ರಮ ಹೀಗಿದೆ. ಮೋಟಾರ್ ಆಫ್ ಮಾಡಿ, ನಿಂತ ರೆಕಾರ್ಡಿನ ಮೇಲೆ ಸೂಜಿ ಇಳಿಸಿ, ವಾಲ್ಯೂಮನ್ನು ಸೊನ್ನೆಯಿಂದ ಬಹಳ ನಿಧಾನವಾಗಿ ನೀವು ಸಾಮಾನ್ಯವಾಗಿ ಕೇಳುವ ಮಟ್ಟದವರೆಗೆ ಏರಿಸಿ. ಕೈ ಗುಂಡಿಯ ಮೇಲೆಯೇ ಇರಲಿ. ಗುಂಯ್ ಎಂಬ ಸದ್ದು ತಾನಾಗಿಯೇ ಬೆಳೆಯತೊಡಗಿದರೆ ತಕ್ಷಣ ಇಳಿಸಬೇಕು. ಅದು ಬಾರದಿದ್ದರೆ ಟರ್ನ್‌ಟೇಬಲ್ ಕೂತಿರುವ ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಆ ಪೆಟ್ಟು ಜೋರಾಗಿ ಕೇಳಿಸಿದರೆ ಜಾಗ ಬದಲಿಸಲೇಬೇಕು.

ಸ್ಪೀಕರ್ ಇರುವ ಹಲಗೆಯ ಮೇಲೆ, ಸಬ್‌ವೂಫರಿನ ಪಕ್ಕ, ಬೇಸ್ ಒಟ್ಟಾಗುವ ಮೂಲೆಯಲ್ಲಿ ಇದನ್ನು ಇಡಬಾರದು. ಹಳೆಯ ಮನೆಗಳಲ್ಲಿ ಗೋಡೆಯೊಳಕ್ಕೆ ಸೇರಿಸಿ ಕಟ್ಟಿದ ಕಡಪ ಕಲ್ಲಿನ ಶೆಲ್ಫ್ ಇದ್ದರೆ ಅದು ವರವೇ ಸರಿ, ಪಕ್ಕದ ಬಾಗಿಲನ್ನು ಯಾರೂ ಧಡಾರನೆ ಹಾಕದಿದ್ದರೆ. ಮರದ ನೆಲದ ಮನೆಯಲ್ಲಿ ಹೆಜ್ಜೆಯ ಕಂಪನ ಕೆಲವೇ ಹರ್ಟ್ಸ್ ಇದ್ದು, ಟೋನ್‌ಆರ್ಮ್ (ಸೂಜಿ ಹೊರುವ ತೋಳು) ಮತ್ತು ಕಾರ್ಟ್ರಿಜ್ (ಸೂಜಿ ಕೂತಿರುವ ಪುಟ್ಟ ಘಟಕ) ಜೋಡಿಯ 8ರಿಂದ 12 ಹರ್ಟ್ಸ್ ಆಸುಪಾಸಿನ ಅನುರಣನೆಯನ್ನು ಕೆಣಕುವುದರಿಂದ ಸೂಜಿ ಹಾರುತ್ತದೆ. ಅಲ್ಲಿ ಗೋಡೆಗೆ ಬಿಗಿದ ಶೆಲ್ಫೇ ಸರಿ. ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ನಿಲ್ಲುತ್ತದೆ, ಮಣ್ಣಿನ ಗೋಡೆಗೆ ನಿಲ್ಲುವುದಿಲ್ಲ.

ಮುಂದಿನ ಕ್ರಮ ಟರ್ನ್‌ಟೇಬಲ್ಲಿನ ಜಾತಿಯನ್ನು ಅವಲಂಬಿಸಿದೆ. ಎಡ್ಗರ್ ವಿಲ್ಚರ್ 1961ರಲ್ಲಿ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಗಾಗಿ ರೂಪಿಸಿದ ಮಾದರಿಯಲ್ಲಿ ತಟ್ಟೆ ಮತ್ತು ತೋಳು ಎರಡೂ ಸ್ಪ್ರಿಂಗುಗಳಿಂದ ತೂಗುವ ಒಂದೇ ಚೌಕಟ್ಟಿನ ಮೇಲಿದ್ದವು. ಅದೇ ದಾರಿಯ ಯಂತ್ರಗಳು ಈಗಲೂ ಬರುತ್ತವೆ. ಇವುಗಳಿಗೆ ಹಗುರವಾದ, ಬಿಗಿಯಾದ, ಸಮತಟ್ಟಾದ ಹಲಗೆ ಸಾಕು. ಕೆಳಗೆ ಇನ್ನೊಂದು ಮೆತ್ತನೆಯ ಪದರ ಹಾಕಿದರೆ ಎರಡು ಸ್ಪ್ರಿಂಗುಗಳು ಒಂದಕ್ಕೊಂದು ಕಾದಾಡಿ ಯಂತ್ರ ಬಹಳ ಹೊತ್ತು ತೂಗಾಡುತ್ತದೆ. ಟೆಕ್ನಿಕ್ಸ್ ಎಸ್‌ಎಲ್-1200ರಂಥ, ಸ್ಪ್ರಿಂಗಿನಿಂದ ತೂಗುವ ಚೌಕಟ್ಟಿಲ್ಲದ ಭಾರದ ಯಂತ್ರಗಳಿಗೆ ಮಾತ್ರ ಕೆಳಗೊಂದು ದಪ್ಪ ಹಲಗೆ, ಅದರ ಕೆಳಗೆ ಐದನೆಯ ಹೆಜ್ಜೆಯ ಲೆಕ್ಕದಂತೆ ಆರಿಸಿದ ಪ್ಯಾಡ್ ಒಳ್ಳೆಯ ಫಲ ಕೊಡುತ್ತದೆ. ಯಾವುದೇ ಆದರೂ ಪ್ಯಾಡ್ ಹಾಕಿದ ಮೇಲೆ ತಟ್ಟೆಯ ಮೇಲೆ ಇನ್ನೊಮ್ಮೆ ರಸಮಟ್ಟ ಇಡಬೇಕು. ತೆರೆದಿಟ್ಟ ಪ್ಲಾಸ್ಟಿಕ್ ಮುಚ್ಚಳ ಗಾಳಿಯ ಕಂಪನವನ್ನು ಹಿಡಿದು ಯಂತ್ರಕ್ಕೆ ಕೊಡುವುದರಿಂದ, ಕೇಳುವಾಗ ಅದನ್ನು ಪೂರ್ತಿ ಕಳಚಿಡುವುದು ಉತ್ತಮ.

ಉಳಿದ ಸಾಧನಗಳು

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಡಿಎಸಿ (ಡಿಜಿಟಲ್ ಸಂಕೇತವನ್ನು ಸದ್ದಿನ ಸಂಕೇತವಾಗಿಸುವ ಸಾಧನ), ಇಂಟರ್ನೆಟ್ಟಿನಿಂದ ಹಾಡು ನುಡಿಸುವ ಸ್ಟ್ರೀಮರ್‌ಗಳಿಗೆ ಮನೆಯೊಳಗಿನ ಕಂಪನದಿಂದ ಕಿವಿಗೆ ಕೇಳುವಂಥ ತೊಂದರೆ ಆಗುವುದಿಲ್ಲ. ಅವುಗಳ ಕೆಳಗೆ ದುಬಾರಿ ಪಾದ ಇಡುವ ಬದಲು ಸುತ್ತ ಗಾಳಿಯಾಡಲು ಜಾಗ ಬಿಡಬೇಕು. ಸಿಡಿ ಪ್ಲೇಯರ್ ಸಮತಟ್ಟಾಗಿ ಕೂತಿದ್ದರೆ ಸಾಕು, ಸಣ್ಣ ತಪ್ಪುಗಳನ್ನು ಅದರ ದೋಷ ಸರಿಪಡಿಸುವ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ. ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ಇದ್ದವರು ಪೆನ್ಸಿಲಿನ ರಬ್ಬರ್ ತುದಿಯಿಂದ ಒಂದೊಂದು ಚಿಕ್ಕ ವಾಲ್ವನ್ನೂ ಮೆಲ್ಲಗೆ ತಟ್ಟಿ ನೋಡಬಹುದು. ಸ್ಪೀಕರಿನಲ್ಲಿ ಟಿಂಗ್ ಎಂದು ಜೋರಾಗಿ ಕೇಳಿಸಿ ಬಹಳ ಹೊತ್ತು ಉಳಿದರೆ ಆ ವಾಲ್ವನ್ನು ಬದಲಿಸುವುದೇ ಪರಿಹಾರ.

ಆಂಪ್ಲಿಫೈಯರಿನ ಪೆಟ್ಟಿಗೆಯೇ ಗುಂಯ್‌ಗುಡುತ್ತಿದ್ದರೆ ಅದು ಒಳಗಿನ ಟ್ರಾನ್ಸ್‌ಫಾರ್ಮರಿನ ಕಂಪನ. ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್ ಆದ್ದರಿಂದ ಈ ಸದ್ದು 100 ಹರ್ಟ್ಸ್‌ನಲ್ಲಿ ಬರುತ್ತದೆ, ಟೊಳ್ಳು ಪ್ಲೈವುಡ್ ಕಪಾಟು ಅದನ್ನು ದೊಡ್ಡದು ಮಾಡುತ್ತದೆ. ಆಂಪ್ಲಿಫೈಯರನ್ನು ಎರಡೂ ಕೈಯಿಂದ ಸ್ವಲ್ಪವೇ ಎತ್ತಿ ಹಿಡಿದಾಗ ಸದ್ದು ತಗ್ಗಿದರೆ ಪಾದಗಳ ಕೆಳಗೆ ಮೃದು ರಬ್ಬರ್ ಬಿಲ್ಲೆಗಳನ್ನಿಡಿ. ಎತ್ತಿದಾಗಲೂ ಅಷ್ಟೇ ಇದ್ದರೆ ಟ್ರಾನ್ಸ್‌ಫಾರ್ಮರಿನ ಬೋಲ್ಟ್ ಸಡಿಲವಾಗಿರಬಹುದು, ಅದನ್ನು ಬಿಗಿ ಮಾಡುವುದು ಮೆಕ್ಯಾನಿಕ್ಕಿನ ಕೆಲಸ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುವುದರಿಂದ ಮುಚ್ಚಳವನ್ನು ನೀವು ಬಿಚ್ಚಬಾರದು.